ಹೊನಲು ಬೆಳಕಿಗೂ ಮೊದಲಿನ ಪಂದ್ಯ

ಕಬಡ್ಡಿ ತೀರ್ಪುಗಾರ್ತಿ ಆಗಬೇಕೆಂದು ಈಚೆಗೆ ಕೆಲವು ಹುಡುಗಿಯರು ಕುಂಬಾರಕೊಪ್ಪಲಿನ ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. ಬಂದವರು ಕೇಳುವುದು ನಿಯಮಗಳನ್ನು. ಪಕ್ಕದ ಲಾಬಿ ಯಾವಾಗ ಅಂಕಣಕ್ಕೆ ಸೇರುತ್ತದೆ, ಬೋನಸ್ ಅಂಕ ಯಾವಾಗ ಕೊಡಬೇಕು, ದಾಳಿಗೆ ಹೋದವಳ ಉಸಿರು ಕಡಿದದ್ದು ಹೇಗೆ ಗೊತ್ತಾಗಬೇಕು. ಅದೆಲ್ಲ ಪುಸ್ತಕದಲ್ಲಿದೆ, ಓದಿದರೆ ಬರುತ್ತದೆ. ಪುಸ್ತಕದಲ್ಲಿ ಇಲ್ಲದ್ದನ್ನು ಹೇಳೋಣವೆಂದರೆ ಅದು ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಹೇಳಿ ಮುಗಿಸುವಂಥದ್ದಲ್ಲ. ನನಗೂ ಈಗೀಗ ಹೆಚ್ಚು ಮಾತಾಡಿದರೆ ಸುಸ್ತು. ಅದಕ್ಕೇ ಬರೆದಿಡುತ್ತಿದ್ದೇನೆ. ಇದನ್ನು ಓದಿ ಯಾರಿಗಾದರೂ ಉತ್ಸಾಹ ಬರುತ್ತದೆಂಬ ಭರವಸೆ ನನಗಿಲ್ಲ. ಗೊತ್ತಿದ್ದು ಬರಲಿ ಎನ್ನುವುದಷ್ಟೇ.

ಸರ್ಕಾರದ ಲೆಕ್ಕದಲ್ಲಿ ನಾನು ಹೈಸ್ಕೂಲಿನ ದೈಹಿಕ ಶಿಕ್ಷಕಿ. ಮಕ್ಕಳ ಬಾಯಲ್ಲಿ ಪಿ.ಟಿ. ಮೇಡಂ. ಪಾಠ ಹಿಂದೆ ಬಿದ್ದ ಗಣಿತದ ಮೇಷ್ಟರಿಗೆ ನನ್ನ ಪೀರಿಯಡ್ ಬಿಟ್ಟುಕೊಡುವುದು, ಪ್ರಾರ್ಥನೆಗೆ ಸಾಲು ನಿಲ್ಲಿಸುವುದು, ಸ್ವಾತಂತ್ರ್ಯ ದಿನಕ್ಕೆ ಸುಣ್ಣದ ಗೆರೆ ಎಳೆಸುವುದು, ಇವು ಸಂಬಳದ ಕೆಲಸಗಳು. ತೀರ್ಪುಗಾರಿಕೆ ನಾನಾಗಿ ಮೈಮೇಲೆ ಹಾಕಿಕೊಂಡದ್ದು. ಭಾನುವಾರಗಳೆಲ್ಲ ಅದಕ್ಕೇ ಹೋದವು.

ನಾನು ಬೆಳೆದದ್ದು ಲಕ್ಷ್ಮೀಪುರಂನ ಒಂದು ವಠಾರದಲ್ಲಿ. ಅಪ್ಪ ಸಂತೆಪೇಟೆಯ ಜವಳಿ ಅಂಗಡಿಯಲ್ಲಿ ಗುಮಾಸ್ತರು. ಬೆಳಿಗ್ಗೆ ಪೂಜೆ ಮುಗಿಸಿ ಹಣೆತುಂಬ ವಿಭೂತಿ ಹಚ್ಚಿಕೊಂಡು ಹೊರಟರೆ ಅವರು ವಾಪಸು ಬರುವ ಹೊತ್ತಿಗೆ ನಾವು ಮಕ್ಕಳು ಊಟ ಮುಗಿಸಿರುತ್ತಿದ್ದೆವು. ನಾನು ಕಬಡ್ಡಿ ಆಡುತ್ತೇನೆ ಎನ್ನುವುದು ಅವರಿಗೆ ಎಷ್ಟೋ ದಿನ ಗೊತ್ತೇ ಇರಲಿಲ್ಲ. ಅಮ್ಮನಿಗೆ ಗೊತ್ತಿತ್ತು, ಬಟ್ಟೆ ಒಗೆಯುವವಳು ಅವಳಲ್ಲವೇ. ಒಂದು ದಿನ ಮೊಣಕಾಲು ತರಚಿಕೊಂಡು ಬಂದೆ.

"ಕಾಲಲ್ಲಿ ಕಲೆ ಉಳ್ಕೊಂಡ್ರೆ ನಿನ್ನ ಯಾರೇ ಮದ್ವೆ ಆಗ್ತಾರೆ?" ಎಂದಳು.

"ಮೊಣಕಾಲು ಯಾರಮ್ಮ ನೋಡ್ತಾರೆ?" ಎಂದೆ. ಕೆನ್ನೆಗೆ ಬಿತ್ತು. ಪಿಯುಸಿಗೆ ಬರುವಷ್ಟರಲ್ಲಿ ಆಟ ನಿಂತಿತು.

ಆದರೆ ಬಿ.ಪಿ.ಎಡ್. ಮಾಡಿದರೆ ಹೆಂಗಸರಿಗೆ ಬೇಗ ಕೆಲಸ ಸಿಗುತ್ತದೆಂದು ಯಾರೋ ಅಪ್ಪನ ಕಿವಿಗೆ ಹಾಕಿದರು. "ಓಡೋದಕ್ಕೂ ಸಂಬ್ಳ ಕೊಡ್ತಾರಂತೆ, ಓಡ್ಲಿ ಬಿಡು" ಎಂದು ಅಪ್ಪ ಒಪ್ಪಿಬಿಟ್ಟರು. ನಿಂತ ಆಟ ಹಾಗೆ ಹಿಂಬಾಗಿಲಿನಿಂದ ಮತ್ತೆ ಮನೆಯೊಳಗೆ ಬಂತು.

ಕೆಲಸಕ್ಕೆ ಸೇರಿದ ಮೇಲೆ ತೀರ್ಪುಗಾರರ ಪರೀಕ್ಷೆಗೆ ಕೂತೆ. ಆ ಕೋಣೆಯಲ್ಲಿ ಹೆಂಗಸು ನಾನೊಬ್ಬಳೇ. ಬಾಯಿಪರೀಕ್ಷೆ ತೆಗೆದುಕೊಂಡವರು ಬೋರೇಗೌಡರು. ಕಬಡ್ಡಿ ಎಂದರೆ ನಮ್ಮ ಕಡೆ ಅವರ ಹೆಸರೇ ಮೊದಲು ಬರುತ್ತಿದ್ದ ಕಾಲ. ಊರ ಹೊರಗಿನ ಹಳ್ಳಿಯ ರೈತರ ಮನೆಯವರು, ಆಡಿ ಬೆಳೆದವರು, ಆಮೇಲೆ ದಶಕಗಟ್ಟಲೆ ಆಡಿಸಿದವರು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕುಕ್ಕರ್ ವಿಷಲ್ ಎಣಿಸೋರಿಗೆ ಈ ವಿಷಲ್ಲೂ ಬಂದ್ಬುಡುತ್ತೆ ಅಲ್ವಾ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಅವರು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದೆ. ಕೊನೆಗೆ ಅವರು ನಗಲಿಲ್ಲ. "ಪಾಸಾಗಿದ್ದೀರಿ ಕಣಮ್ಮ. ಆದ್ರೆ ಯಾರು ಕರೀತಾರೆ ನಿಮ್ಮನ್ನ?" ಎಂದರು. ಅದು ಕುಹಕವಲ್ಲ, ನಿಜವಾದ ಚಿಂತೆಯಾಗಿತ್ತೆಂದು ತಿಳಿಯಲು ನನಗೆ ಕೆಲವು ವರ್ಷ ಹಿಡಿಯಿತು.

ಕರೆದದ್ದು ಅವರೇ. ಆದರೆ ಅಂಕ ಬರೆಯುವ ಮೇಜಿಗೆ. ನನ್ನ ಅಕ್ಷರ ದುಂಡಗಿದೆ ಎನ್ನುವುದು ಕಾರಣ. ಹೆಂಗಸರ ಪಂದ್ಯಕ್ಕೂ ಗಂಡಸರೇ ರೆಫರಿ, ಗಂಡಸರೇ ಅಂಪೈರು. ನಾನು ಮೇಜಿನ ಹಿಂದೆ. ನಾಲ್ಕೈದು ವರ್ಷ ದುಂಡಗೆ ಬರೆದೆ. ಬರೆಯುತ್ತಲೇ ನೋಡಿ ಕಲಿತೆ. ಬಿಡುವಿನಲ್ಲಿ ಬೋರೇಗೌಡರು ಪಕ್ಕಕ್ಕೆ ಬಂದು ಕುಳಿತು, ಯಾರಿಗೋ ಹೇಳುವವರ ಹಾಗೆ ಹೇಳುತ್ತಿದ್ದರು: "ಆಟಗಾರರ ಮುಖ ನೋಡ್ಬೇಡಿ. ಮುಖ ನಾಟಕ ಆಡುತ್ತೆ. ಕಾಲು ನೋಡಿ, ಕಾಲಿಗೆ ನಾಟಕ ಬರಲ್ಲ." ಇಂಥ ಮಾತನ್ನು ಅವರು ಬೇರೆ ಯಾರಿಗೂ ಹೇಳಿದ್ದನ್ನು ನಾನು ಕೇಳಿಲ್ಲ.

ಅಂಕಣಕ್ಕೆ ಇಳಿಯುವ ದಿನ ಬಂದಾಗ ಎದುರಾದದ್ದು ಬಟ್ಟೆಯ ಪ್ರಶ್ನೆ. ತೀರ್ಪುಗಾರರಿಗೆ ಬಿಳಿ ಪ್ಯಾಂಟು, ಬಿಳಿ ಅಂಗಿ. ಆಗ ನನ್ನ ಅಳತೆಗೆ ಪ್ಯಾಂಟು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಟೈಲರ್ ಹತ್ತಿರ ಹೋದರೆ ಆತ ನಾಚಿಕೊಂಡು ಸೀರೆಯ ಮೇಲಿಂದಲೇ ಅಳತೆ ತೆಗೆದ. ಹೊಲಿದು ತಂದದ್ದರಲ್ಲಿ ಇನ್ನೊಬ್ಬಳು ಹಿಡಿಸುವಷ್ಟು ಜಾಗ ಇತ್ತು. ಅಷ್ಟರಲ್ಲಿ ನನಗೆ ಮದುವೆಯಾಗಿತ್ತು. ಅತ್ತೆ ಅದನ್ನು ನೋಡಿದವರೇ ದೇವರ ಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಯಜಮಾನರು ಮಾತ್ರ, "ಬೆಲ್ಟ್ ಬಿಗಿಯಾಗಿ ಕಟ್ಕೋ, ಓಡೋವಾಗ ಜಾರೀತು" ಎಂದರು. ನನ್ನ ವೃತ್ತಿಜೀವನದಲ್ಲಿ ಮನೆಯಿಂದ ಸಿಕ್ಕ ಅತ್ಯುತ್ತಮ ಸಲಹೆ ಅದು.

ಮೊದಲ ಪಂದ್ಯದಲ್ಲೇ ತಪ್ಪು ಮಾಡಿದೆ. ಗಂಡಸರ ಪಂದ್ಯ. ದಾಳಿಗಾರ ಒಬ್ಬನನ್ನು ಮುಟ್ಟಿದ, ಹಿಡಿದಾಟ ಶುರುವಾಯಿತು, ಎಲ್ಲರೂ ಅಂಕಣದ ಅಂಚಿನ ಪಟ್ಟಿಗೆ, ಲಾಬಿಗೆ, ಉರುಳಿದರು. ಮುಟ್ಟಿದ ಮೇಲೆ ಲಾಬಿಯೂ ಅಂಕಣವೇ. ನನಗೆ ಗೊತ್ತಿಲ್ಲದ್ದೇನಲ್ಲ, ಆದರೂ ಕೈ ಮೇಲೆದ್ದುಬಿಟ್ಟಿತು, ಹಿಡಿದವನಿಗೆ ಔಟ್ ಕೊಟ್ಟೆ. ಜನ ಎದ್ದು ನಿಂತರು. "ಮನೆಗೋಗಮ್ಮೋ, ಸಾರು ಉಕ್ತಾ ಅದೆ!" ಎಂದು ಒಬ್ಬ ಕೂಗಿದ. ರೆಫರಿಯಾಗಿದ್ದ ಬೋರೇಗೌಡರು ತೀರ್ಪು ತಿದ್ದಿ ಆಟ ಮುಂದುವರಿಸಿದರು. ಅದೇ ಸಂಜೆ ಇನ್ನೊಬ್ಬ ಅಂಪೈರು ಇದಕ್ಕಿಂತ ದೊಡ್ಡ ತಪ್ಪು ಎರಡು ಸಲ ಮಾಡಿದ. ಅವನನ್ನು ಯಾರೂ ಮನೆಗೆ ಹೋಗು ಎನ್ನಲಿಲ್ಲ. ಅವನ ತಪ್ಪು ಅವನೊಬ್ಬನದಾಗಿತ್ತು. ನನ್ನದು ಹೆಂಗಸರ ತಪ್ಪಾಯಿತು. ಈ ಕೆಲಸಕ್ಕೆ ಬರುವವರು ಇದೊಂದನ್ನು ಬರುವಾಗಲೇ ಗಂಟು ಕಟ್ಟಿಕೊಂಡು ಬರುವುದು ಒಳ್ಳೆಯದು. ನಿಮ್ಮ ಒಂದು ತಪ್ಪಿಗೆ ನಿಮ್ಮ ಹಿಂದೆ ಬರುವವಳ ಅವಕಾಶವೂ ಹೋಗುತ್ತದೆ. ಅನ್ಯಾಯವೇ. ಆದರೆ ಹಾಗೇ ನಡೆಯುತ್ತದೆ.

ಆಟಗಾರ್ತಿಯರ ಕಷ್ಟದ ಮುಂದೆ ನನ್ನದು ಯಾವ ಲೆಕ್ಕ. ಬಡಾವಣೆಗಳ ಮೈದಾನದಲ್ಲಿ ಪಂದ್ಯಾವಳಿ ಎಂದರೆ ಶಾಮಿಯಾನ ಇರುತ್ತದೆ, ಧ್ವನಿವರ್ಧಕ ಇರುತ್ತದೆ, ಹಾರ ತುರಾಯಿ ಇರುತ್ತದೆ. ಹೆಣ್ಣುಮಕ್ಕಳು ಬಟ್ಟೆ ಬದಲಿಸಲು ಒಂದು ಮರೆ ಇರುವುದಿಲ್ಲ. ನಾಲ್ವರು ಬೆಡ್‌ಶೀಟ್ ಹಿಡಿದು ನಿಲ್ಲುವುದು, ಒಳಗೆ ಒಬ್ಬೊಬ್ಬಳೇ ಬದಲಿಸುವುದು. ಶೌಚಾಲಯ ಇಲ್ಲವೆಂದು ಬೆಳಿಗ್ಗೆಯಿಂದ ನೀರೇ ಕುಡಿಯದೆ ಆಡಿ, ಎರಡನೆಯ ಪಂದ್ಯಕ್ಕೆ ಮೀನಖಂಡ ಹಿಡಿದುಕೊಂಡು ಬೀಳುತ್ತಿದ್ದರು. ಹುಡುಗಿಯರಿಗೆ ತಾಕತ್ತಿಲ್ಲ ಎಂದು ನೋಡುವವರು ಹೇಳುತ್ತಿದ್ದರು. ಅವರಿಗೆ ತಾಕತ್ತಿತ್ತು, ಹೊಟ್ಟೆಯಲ್ಲಿ ನೀರಿರಲಿಲ್ಲ.

ಅದಕ್ಕೆ ನಾನು ಕಂಡುಕೊಂಡ ದಾರಿ ಎಂದರೆ ಮೈದಾನಕ್ಕೆ ಹೋದ ಕೂಡಲೇ ಹತ್ತಿರದ ಮನೆಯೊಂದರ ಬಾಗಿಲು ತಟ್ಟುವುದು. ಅಶೋಕಪುರಂನಲ್ಲಿ ಒಂದು ಸಲ ಹಾಗೆ ತಟ್ಟಿದಾಗ ಬಾಗಿಲು ತೆಗೆದವರು ದೇವೀರಮ್ಮ. ಮನೆಯಲ್ಲೇ ಊದುಬತ್ತಿ ಹೊಸೆಯುತ್ತಿದ್ದರು. ಎರಡೂ ಅಂಗೈ ಕಪ್ಪಗಿದ್ದವು. ವಿಷಯ ಹೇಳಿದೆ.

"ಅಯ್ಯೋ, ಎಣ್ಮಕ್ಳು ಎಲ್ಲೋಗ್ಬೇಕು ತಾಯಿ? ಕಳಿಸಿ, ಎಲ್ರುನ್ನೂ ಕಳಿಸಿ" ಎಂದರು.

ಅಂದು ಎಂಟು ತಂಡದ ಹುಡುಗಿಯರು ಆ ಪುಟ್ಟ ಮನೆಯೊಳಗೆ ಹೋಗಿ ಬಂದರು. ದೇವೀರಮ್ಮನ ಮಗಳು ಸವಿತಾ ಆಗ ಪ್ರೈಮರಿ ಶಾಲೆಯ ಹುಡುಗಿ. ಬಾಗಿಲಲ್ಲಿ ನಿಂತು, ಬಂದವರ ಅಂಗಿಯ ಬೆನ್ನಿನ ನಂಬರು ಓದುತ್ತಿದ್ದಳು. ಮುಂದಿನ ವರ್ಷಗಳಲ್ಲೂ ಅದೇ ಮನೆಯ ಬಾಗಿಲು ತಟ್ಟಿದೆ. ಒಂದು ವರ್ಷ ಹೋದಾಗ ಬಾಗಿಲಲ್ಲಿ ಸವಿತಾ ಇರಲಿಲ್ಲ, ಅಂಕಣದಲ್ಲಿದ್ದಳು.

ಹೀಗಿರುವಾಗ ಮಣ್ಣಿನ ಅಂಕಣ ಹೋಗಿ ಮ್ಯಾಟು ಬಂತು. ನನ್ನ ಕಾಲದಲ್ಲಿ ಆಟದಲ್ಲಾದ ಅತಿ ದೊಡ್ಡ ಬದಲಾವಣೆ ಇದು. ಮಣ್ಣಿಗೆ ಹಿಂದಿನ ದಿನವೇ ನೀರು ಹೊಡೆದು, ಕಲ್ಲು ಆರಿಸಿ, ಹದ ಮಾಡಬೇಕಿತ್ತು. ಮ್ಯಾಟಿನ ತುಂಡುಗಳನ್ನು ಜೋಡಿಸಿದರೆ ಮುಗಿಯಿತು. ಆಟದ ವೇಗ ಹೆಚ್ಚಿತು, ತರಚು ಗಾಯ ಕಡಿಮೆಯಾಯಿತು. ಎಲ್ಲರಿಗೂ ಸಂತೋಷ. ಒಂದು ಸಂಗತಿಯನ್ನು ಮಾತ್ರ ಯಾರೂ ಯೋಚಿಸಲಿಲ್ಲ. ನೆಲ ಬಿಸಿಲಿಗೆ ಅಷ್ಟು ಕಾಯುವುದಿಲ್ಲ, ಮ್ಯಾಟು ಕಾಯುತ್ತದೆ. ಬೇಸಿಗೆಯ ಮಧ್ಯಾಹ್ನ ಅದು ಒಲೆಯ ಮೇಲಿಟ್ಟ ಕಾವಲಿ.

ಯೋಚಿಸದಿದ್ದುದಕ್ಕೆ ಕಾರಣವಿತ್ತು. ಗಂಡಸರ ಪಂದ್ಯಗಳು ಆ ಹೊತ್ತಿಗೆ ಇರುತ್ತಿರಲಿಲ್ಲ. ಗೋಡೆಗೆ ಅಂಟಿಸುವ ಪೋಸ್ಟರಿನಲ್ಲಿ "ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ" ಎಂದು ದೊಡ್ಡ ಅಕ್ಷರದಲ್ಲಿ ಇರುತ್ತಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ "ಮಹಿಳೆಯರ ಪಂದ್ಯಗಳೂ ಇರುತ್ತವೆ." ಆ ಬೆಳಕು ಹೊತ್ತಿಕೊಳ್ಳುವ ಮುಂಚೆ ಹೆಂಗಸರ ಪಂದ್ಯ ಮುಗಿದಿರಬೇಕು. ಸಂಜೆ ತಂಪಿಗೆ ಜನ ಸೇರುವಾಗ ಗಂಡಸರು ಇಳಿಯಬೇಕು. ಶೂ ಇರುತ್ತಿದ್ದುದೂ ಗಂಡಸರ ತಂಡಗಳಿಗೇ. ನಮ್ಮ ಹುಡುಗಿಯರು ಬರಿಗಾಲು.

ಊರಂಚಿನ ಒಂದು ಬಡಾವಣೆಯ ಯುವಕರ ಸಂಘದ ಪಂದ್ಯಾವಳಿ ಅದು. ಮಾರ್ಚಿನ ಕೊನೆಯ ಭಾನುವಾರ. ಆ ಹೊತ್ತಿಗೆ ನಾನು ಹೆಂಗಸರ ಪಂದ್ಯಗಳಿಗೆ ರೆಫರಿಯಾಗುವಷ್ಟರ ಮಟ್ಟಿಗೆ ಬಂದಿದ್ದೆ. ಪಂದ್ಯಾವಳಿಗೆ ಮುಖ್ಯ ತೀರ್ಪುಗಾರರು ಬೋರೇಗೌಡರು. ಬೆಳಿಗ್ಗೆ ಸೆಮಿಫೈನಲ್ ಮುಗಿದು, ಮಧ್ಯಾಹ್ನ ಮೂರಕ್ಕೆ ಫೈನಲ್ ಎಂದು ನಿಗದಿ. ಸವಿತಾಳ ಅಶೋಕಪುರಂ ತಂಡ ಫೈನಲಿಗೆ ಬಂದಿತ್ತು. ಅವಳೇ ನಾಯಕಿ, ಆಗ ಪಿಯುಸಿ ಓದುತ್ತಿದ್ದಳು.

ಊಟದ ಹೊತ್ತಿಗೆ ನೋಡಿದರೆ ಸವಿತಾ ಮರದ ಕೆಳಗೆ ಬಕೆಟ್ಟಿನೊಳಗೆ ಕಾಲಿಟ್ಟು ಕೂತಿದ್ದಳು. ಎತ್ತು ಎಂದೆ. ಅಂಗಾಲಿನ ಮುಂಭಾಗದಲ್ಲಿ ಎರಡು ಬೊಬ್ಬೆ ಎದ್ದು ನೀರು ತುಂಬಿಕೊಂಡಿದ್ದವು.

"ಇದೇನೇ?"

"ಏನಿಲ್ಲ ಮೇಡಂ. ನಿಂತ್ರೆ ಉರಿಯುತ್ತೆ. ಓಡ್ತಾ ಇದ್ರೆ ಗೊತ್ತಾಗಲ್ಲ."

ಉಳಿದವರ ಕಾಲುಗಳನ್ನೂ ನೋಡಿದೆ. ಎದುರು ತಂಡದವರನ್ನೂ ಕರೆದು ನೋಡಿದೆ. ಎರಡೂ ತಂಡ ಸೇರಿ ಶೂ ಇದ್ದವರು ಮೂವರು. ಇಬ್ಬರಿಗೆ ಮೊಣಕೈ ಚರ್ಮ ಕೆಂಪಾಗಿ ಸುಲಿದಿತ್ತು, ಬಿದ್ದಾಗ ಮ್ಯಾಟು ಎಳೆದ ಗಾಯ. ಅಂಕಣಕ್ಕೆ ಹೋಗಿ ಅಂಗೈ ಊರಿದೆ. ಒಂದು ಉಸಿರಿನಷ್ಟು ಹೊತ್ತೂ ಇಟ್ಟುಕೊಳ್ಳಲಾಗಲಿಲ್ಲ.

ಸಂಘದ ಅಧ್ಯಕ್ಷ ಕೆಂಪರಾಜು ಎನ್ನುವ ಯುವಕ. ಕೆಟ್ಟವನಲ್ಲ. ಮೂರು ದಿನದಿಂದ ನಿದ್ದೆಗೆಟ್ಟು ಓಡಾಡುತ್ತಿದ್ದ. ಅವನನ್ನು ಕರೆದು, ಮ್ಯಾಟು ತಣಿಯುವವರೆಗೆ ಪಂದ್ಯ ಶುರು ಮಾಡುವುದಿಲ್ಲ ಎಂದೆ.

"ಮೇಡಂ, ಸಂಜೆ ಮುಖ್ಯ ಅತಿಥಿಗಳು ಬರ್ತಾರೆ. ಹೊರಗಿನ ಜಿಲ್ಲೆ ಗಂಡಸ್ರ ಟೀಮು ಬಂದು ಕೂತವೆ. ನೀವು ಈಗ ಇಂಗಂದ್ರೆ ಎಂಗೆ?"

"ಚಪ್ಪಲಿ ಬಿಟ್ಟು ಇದರ ಮೇಲೆ ನಿಂತ್ಕೊಳ್ಳಿ" ಎಂದೆ.

ನಿಂತ. ಎರಡು ಹೆಜ್ಜೆ ಕುಣಿದು ಇಳಿದ. "ನೀರು ಚಿಮುಕಿಸಿ ಬುಡೋಣ ಮೇಡಂ" ಎಂದ. ಹಿಂದೆ ಒಂದು ಕಡೆ ಹಾಗೆ ಮಾಡಿ, ಒದ್ದೆ ಮ್ಯಾಟಿನ ಮೇಲೆ ಜಾರಿ ಒಬ್ಬಳ ಮೊಣಕಾಲು ತಿರುಚಿಕೊಂಡಿತ್ತು. ಅವಳು ಮತ್ತೆ ಆಡಲಿಲ್ಲ. ಅದನ್ನು ಹೇಳಿದೆ.

"ನಮ್ಗೂ ಅಕ್ಕತಂಗೀರು ಅವ್ರೆ ಮೇಡಂ. ನಾವೇನು ಬೇಕೂಂತ ಮಾಡ್ತಿದ್ದೀವಾ?" ಎಂದು ಅವನು ಬೋರೇಗೌಡರ ಕಡೆ ಹೋದ.

ಬೋರೇಗೌಡರು ನನ್ನನ್ನು ಶಾಮಿಯಾನದ ಹಿಂದಕ್ಕೆ ಕರೆದರು. "ಅಂಕಣ ಯೋಗ್ಯವಾಗಿಲ್ಲ ಅಂತ ಹೇಳೋ ಅಧಿಕಾರ ರೆಫರಿಗೆ ಇದೆ. ಇಲ್ಲ ಅನ್ನಲ್ಲ. ಆದ್ರೆ ಶುರು ಮಾಡ್ಬುಡಿ ಕಣಮ್ಮ. ಹುಡ್ಗೀರು ಆಡ್ತೀವಿ ಅಂತಾನೇ ಅವ್ರಲ್ಲ."

"ಅವ್ರು ಕಾಲು ಸುಟ್ಕೊಂಡೂ ಆಡ್ತಾರೆ ಸರ್. ಇವತ್ತಲ್ಲದೆ ಅವ್ರಿಗೆ ಇನ್ಯಾವತ್ತು ಅವಕಾಶ ಸಿಗುತ್ತೆ? ಅದಕ್ಕೇ ನಾವು ನೋಡ್ಕೋಬೇಕು."

ಅವರು, "ಆಯ್ತು, ನಿಮ್ಮಿಷ್ಟ" ಎಂದರು.

ಪಂದ್ಯ ನಿಂತಿತು. ಬಿಸಿಲು ಇಳಿದು, ಮೈದಾನದ ಪಕ್ಕದ ಕಟ್ಟಡದ ನೆರಳು ಅಂಕಣದ ಮೇಲೆ ಬೀಳುವವರೆಗೆ ಕಾದೆವು. ಅಷ್ಟರಲ್ಲಿ ಮಗಳನ್ನು ಮನೆಗೆ ಕರೆದುಕೊಂಡು ಹೋಗಲು ದೇವೀರಮ್ಮ ಬಂದರು. ಪಂದ್ಯ ಇನ್ನೂ ಆಗಿಲ್ಲವೆಂದು ತಿಳಿದು ಪೇಚಾಡಿದರು. "ಕತ್ಲಾದ್ರೆ ಅವ್ರಪ್ಪ ಕೂಗಾಡ್ತರೆ ಮೇಡಂ." ನಾನು ಕೈಹಿಡಿದು ಒಂದು ಕುರ್ಚಿಯಲ್ಲಿ ಕೂರಿಸಿದೆ. ಅಷ್ಟು ವರ್ಷ ಅವರ ಮನೆಗೆ ಆಟಗಾರ್ತಿಯರು ಬಂದುಹೋಗಿದ್ದರು. ಅವರು ಕೂತು ಒಂದು ಪಂದ್ಯ ನೋಡಿದ್ದು ಅದೇ ಮೊದಲು.

ಪಂದ್ಯ ಶುರುವಾದಾಗ, ಗಂಡಸರ ಫೈನಲ್ ನೋಡಲು ಬಂದ ಜನ ಆಗಲೇ ಗ್ಯಾಲರಿ ತುಂಬಿದ್ದರು. ಹೆಂಗಸರ ಫೈನಲಿಗೆ ಅಷ್ಟು ಜನ ಇದ್ದುದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಮೊದಮೊದಲು ಶಿಳ್ಳೆ, ಕುಚೋದ್ಯ ಎಲ್ಲ ಇದ್ದವು. ಸವಿತಾ ಒಂದೇ ದಾಳಿಯಲ್ಲಿ ಇಬ್ಬರನ್ನು ಮುಟ್ಟಿ, ಮೂರನೆಯವಳ ಹಿಡಿತದಿಂದ ಹಾವಿನ ಹಾಗೆ ಜಾರಿ ಗೆರೆ ಮುಟ್ಟಿದ ಮೇಲೆ ಕುಚೋದ್ಯ ನಿಂತಿತು. ನೋಡುವುದು ಶುರುವಾಯಿತು. ನಡುವೆ ಯಾರೋ ಪರೀಕ್ಷೆಗೆಂದು ದೀಪ ಹಚ್ಚಿದರು. ಅಂಕಣವೆಲ್ಲ ಬೆಳ್ಳಗಾಯಿತು. ಎರಡೂ ತಂಡದ ಹುಡುಗಿಯರು ಒಂದು ಕ್ಷಣ ತಲೆಯೆತ್ತಿ ಮೇಲೆ ನೋಡಿದರು. ಆಟ ನಡೆಯುತ್ತಿರುವಾಗ ಆಟಗಾರರು ಹಾಗೆ ಮೇಲೆ ನೋಡಬಾರದು. ನಾನೂ ನೋಡಿದೆ.

ಮೊದಲಾರ್ಧ ಮುಗಿದಾಗ ಸವಿತಾಳ ತಂಡ ಎರಡು ಅಂಕ ಹಿಂದಿತ್ತು. ಕಬಡ್ಡಿಯಲ್ಲಿ ಎರಡು ಅಂಕ ಎಂದರೆ ಒಂದು ದಾಳಿ. ಹುಡುಗಿಯರು ನೀರು ಕುಡಿಯುತ್ತಿದ್ದರು. ಆಗ ಮೈದಾನದ ಬಾಗಿಲಲ್ಲಿ ಕಾರುಗಳು ನಿಂತವು. ಪಟಾಕಿ ಸಿಡಿಯಿತು. ಕೆಂಪರಾಜು ಓಡಿದ. ವೇದಿಕೆಯಲ್ಲಿ ಹಾರ ಹಾಕುವುದು ನಡೆಯಿತು. ನಾನು ಎರಡೂ ತಂಡಗಳನ್ನು ಅಂಕಣಕ್ಕೆ ಕರೆದು ನಿಲ್ಲಿಸಿದೆ. ಅಷ್ಟರಲ್ಲಿ ಮೈಕಿನಲ್ಲಿ ಕೇಳಿಸಿತು: ಸಮಯದ ಅಭಾವದಿಂದ ಮಹಿಳೆಯರ ಪಂದ್ಯದ ಫಲಿತಾಂಶವನ್ನು ಮೊದಲಾರ್ಧದ ಅಂಕಗಳ ಮೇಲೆ ಘೋಷಿಸಲಾಗುತ್ತಿದೆ, ಎಲ್ಲರೂ ಸಹಕರಿಸಬೇಕು.

ಬೋರೇಗೌಡರು ಅಂಕಣದ ಬಳಿಗೆ ಬಂದು, "ಮುಗಿಸಿ ಕಣಮ್ಮ" ಎಂದರು.

"ನಾನು ಊದಲ್ಲ ಸರ್. ಇನ್ನೂ ಅರ್ಧ ಆಟ ಇದೆ."

"ಎಲ್ರ ಮುಂದೆ ಹಟ ಮಾಡ್ಬೇಡಿ."

"ಗಂಡಸರ ಪಂದ್ಯವನ್ನ ಯಾವತ್ತಾದ್ರೂ ಅರ್ಧಕ್ಕೆ ಮುಗ್ಸಿದ್ದೀರಾ ಸರ್?"

ಅವರು ನನ್ನ ಮುಖ ನೋಡಲಿಲ್ಲ. ತಮ್ಮ ಅಂಗಿಯ ಜೇಬಿನಿಂದ ವಿಷಲ್ ತೆಗೆದು ತಾವೇ ಊದಿದರು. ಉದ್ದಕ್ಕೆ, ಪಂದ್ಯ ಮುಗಿದಾಗ ಊದುವ ಹಾಗೆ. ಗೆದ್ದ ತಂಡದ ಹುಡುಗಿಯರಿಗೂ ಕುಣಿಯಬೇಕೋ ಬೇಡವೋ ಗೊತ್ತಾಗಲಿಲ್ಲ. ಗ್ಯಾಲರಿಯಲ್ಲಿ ಕೆಲವರು "ಆಡ್ಸಿ, ಆಡ್ಸಿ" ಎಂದು ಕೂಗಿದರು. ಗಂಡಸರ ತಂಡಗಳು ಇಳಿದ ಮೇಲೆ ಆ ಕೂಗೂ ನಿಂತಿತು.

ಸವಿತಾ ಬ್ಯಾಗು ಹೆಗಲಿಗೆ ಹಾಕಿಕೊಂಡು ಅಮ್ಮನ ಜೊತೆ ಹೊರಟಿದ್ದಳು. ನಾನು ಹೋಗಿ ಅಡ್ಡ ನಿಂತೆ. ಅವಳೇ ಮೊದಲು ಮಾತಾಡಿದಳು. ಅಳಲಿಲ್ಲ, ದನಿ ಏರಿಸಲೂ ಇಲ್ಲ.

"ಕಾಲು ಸುಟ್ಟಿದ್ರೆ ನಾಲ್ಕು ದಿನಕ್ಕೆ ವಾಸಿ ಆಗ್ತಿತ್ತು ಮೇಡಂ. ಮೂರು ಗಂಟೆಗೇ ಬಿಟ್ಟಿದ್ರೆ ಪೂರ್ತಿ ಆಡ್ತಿದ್ವಿ."

"ಮೇಡಮ್ಮೋರ್ಗೆ ಅಂಗೆಲ್ಲ ಅನ್ಬಾರ್ದು ಕಣೆ" ಎಂದು ದೇವೀರಮ್ಮ ಮಗಳ ಬೆನ್ನಿಗೆ ಮೆಲ್ಲಗೆ ತಟ್ಟಿದರು. ಆಮೇಲೆ ನನ್ನ ಕಡೆ ತಿರುಗಿ, "ಚೆನ್ನಾಗ್ ಆಡ್ತಳೆ ಅಲ್ವ ಮೇಡಂ?" ಎಂದರು. ಹೌದು ಎಂದೆ.

ನಾನು ಮಾಡಿದ್ದು ಸರಿಯೇ ತಪ್ಪೇ ಎಂದು ಈಗ ಕೇಳಿದರೆ, ಸರಿ ಎಂದೇ ಹೇಳುತ್ತೇನೆ. ಸುಡುವ ಮ್ಯಾಟಿನ ಮೇಲೆ ಮಕ್ಕಳನ್ನು ಆಡಿಸಬಾರದು. ಆದರೆ ಸವಿತಾ ಹೇಳಿದ್ದೂ ಸರಿಯೇ. ಎರಡು ಸರಿಗಳು ಎದುರುಬದುರು ನಿಂತು, ಮೂರನೆಯವನ ತಪ್ಪಿಗೆ ಒಂದನ್ನೊಂದು ದೂರುವಂತಾಗುತ್ತದಲ್ಲ, ಈ ಕೆಲಸದಲ್ಲಿ ನನ್ನನ್ನು ಸುಸ್ತು ಮಾಡಿದ್ದು ಅದು. ಓಡಾಟವಲ್ಲ.

ಮರುವಾರ ಬೋರೇಗೌಡರು ಶಾಲೆಗೇ ಬಂದರು. ಮೈದಾನದ ಕಟ್ಟೆಯ ಮೇಲೆ ಕೂತು, "ನಾನು ಊದ್ದೆ ಇದ್ದಿದ್ರೆ ಇನ್ನೊಬ್ಬ ಊದ್ತಿದ್ದ ಕಣಮ್ಮ" ಎಂದರು. "ತಕರಾರು ಜಾಸ್ತಿ ಆದ್ರೆ ಮುಂದಿನ ವರ್ಷ ಹೆಣ್ಮಕ್ಳ ಪಂದ್ಯನೇ ತೆಗ್ದುಬುಡ್ತಾರೆ. ಅದನ್ನ ಉಳಿಸೋಣ ಅಂತ ಮಾಡ್ದೆ." ನಾನು ಕಾಫಿ ತರಿಸಿಕೊಟ್ಟೆ. ಮುಂದಿನ ವರ್ಷ ಆ ಪಂದ್ಯಾವಳಿಯ ಪೋಸ್ಟರಿನಲ್ಲಿ ಸಣ್ಣ ಅಕ್ಷರದ ಆ ಸಾಲು ಇರಲಿಲ್ಲ. ವ್ಯವಸ್ಥೆ ಮಾಡುವುದು ಕಷ್ಟ ಎಂದು ತೆಗೆದುಬಿಟ್ಟಿದ್ದರು.

ನನ್ನನ್ನೂ ಕೆಲವು ವರ್ಷ ಯಾರೂ ಕರೆಯಲಿಲ್ಲ. ಕಿರಿಕಿರಿ ಮೇಡಂ ಎಂದು ಹೆಸರಾಗಿತ್ತು. ಬೋರೇಗೌಡರು ಈಗಿಲ್ಲ. ಆ ಸಂಜೆಯ ವಿಷಯ ನಾವು ಮತ್ತೆ ಎತ್ತಲಿಲ್ಲ. ಅವರ ಮೇಲೆ ಸಿಟ್ಟಿತ್ತೇ ಎಂದರೆ ಇತ್ತು. ನನಗೆ ಗೊತ್ತಿದ್ದುದೆಲ್ಲ ಅವರು ಕಲಿಸಿದ್ದು ಎನ್ನುವುದೂ ಇತ್ತು. ಎರಡನ್ನೂ ಹೊಟ್ಟೆಯಲ್ಲಿಟ್ಟುಕೊಂಡೇ ಅವರ ಮಣ್ಣಿಗೆ ಹೋಗಿ ಬಂದೆ.

ಆಮೇಲೆ ಕಬಡ್ಡಿ ಟೀವಿಗೆ ಬಂತು. ಹುಡುಗರ ಮುಖಗಳು ಗೋಡೆಗೋಡೆಯ ಮೇಲೆ ಬಂದವು. ನಮ್ಮ ಕಡೆಯ ದೊಡ್ಡ ಪಂದ್ಯಾವಳಿಗಳಿಗೂ ಕ್ಯಾಮೆರಾ ಬಂತು; ಅನುಮಾನ ಬಂದರೆ ದಾಳಿಯನ್ನು ಮತ್ತೆ ತೋರಿಸಿ ತೀರ್ಪು ಕೊಡುವ ಪದ್ಧತಿ. ಹೆಂಗಸರ ಪಂದ್ಯದ ಹೊತ್ತಿಗೆ ಕ್ಯಾಮೆರಾದವನು ಇನ್ನೂ ಬಂದಿರುವುದಿಲ್ಲ, ಅಲ್ಲಿ ಕಣ್ಣೇ ಗತಿ. ತೀರ್ಪುಗಾರರ ಗುಂಪಿನ ಫೋಟೋದಲ್ಲಿ ಒಬ್ಬ ಹೆಂಗಸಿರಲಿ ಎಂದು ಯಾರಿಗೋ ತೋಚಿ, ನನಗೆ ಮತ್ತೆ ಕರೆ ಬರತೊಡಗಿತು. ಬೇಡವೆನ್ನಲಿಲ್ಲ. ಫೋಟೋಗೆ ಕರೆದರೂ ವಿಷಲ್ ಕೈಗೆ ಬರುತ್ತಿತ್ತಲ್ಲ.

ಸವಿತಾ ಆ ವರ್ಷವೇ ಆಟ ಬಿಟ್ಟಳೆಂದು ಕೇಳಿದ್ದೆ. ಅಮ್ಮನ ಜೊತೆ ಊದುಬತ್ತಿಗೆ ಕೂತಿದ್ದಾಳೆಂದು ಯಾರೋ ಹೇಳಿದರು. ಹೋಗಿ ನೋಡಬೇಕೆಂದುಕೊಂಡೆ, ಯಾವ ಮುಖ ಇಟ್ಟುಕೊಂಡು ಹೋಗಲಿ ಎಂದು ಹೋಗಲಿಲ್ಲ. ವರ್ಷಗಳು ಕಳೆದ ಮೇಲೆ ಅವಳು ಒಂದು ಖಾಸಗಿ ಶಾಲೆಯಲ್ಲಿ ಗುತ್ತಿಗೆಯ ಮೇಲೆ ಆಟ ಕಲಿಸುತ್ತಾಳೆ, ಸಂಜೆ ಅಶೋಕಪುರಂನ ಹುಡುಗಿಯರನ್ನು ಸೇರಿಸಿಕೊಂಡು ತಂಡ ಕಟ್ಟಿದ್ದಾಳೆ ಎಂದು ತಿಳಿಯಿತು.

ನಾನು ನಿವೃತ್ತಳಾಗುವ ವರ್ಷ ಒಂದು ಪಂದ್ಯಾವಳಿಗೆ ಕರೆದರು. ಬೇರೆ ಮೈದಾನ, ಬೇರೆ ಸಂಘ. ಹೆಂಗಸರ ಫೈನಲ್ ಮಧ್ಯಾಹ್ನ ಎರಡೂವರೆಗೆ. ಮೈದಾನಕ್ಕೆ ಹೋದರೆ ಒಂದು ತಂಡದ ತರಬೇತುದಾರಳಾಗಿ ಸವಿತಾ ನಿಂತಿದ್ದಳು. ಮೈ ತುಂಬಿಕೊಂಡಿತ್ತು, ಕೊರಳಲ್ಲಿ ವಿಷಲ್. ನನ್ನನ್ನು ಕಂಡು ಬಂದು ಕಾಲು ಮುಟ್ಟಿದಳು. ಅಮ್ಮ ಚೆನ್ನಾಗಿದ್ದಾರಾ ಎಂದು ಕೇಳಿದೆ. ಚೆನ್ನಾಗವ್ರೆ, ಕಣ್ಣು ಸ್ವಲ್ಪ ಮಂಜು ಎಂದಳು.

ನಾನು ಅಂಕಣಕ್ಕೆ ಹೋಗಿ ಬಗ್ಗಿ ಅಂಗೈ ಊರಿದೆ. ಎದ್ದು ತಿರುಗಿದಾಗ ಅವಳು ಹಿಂದೆಯೇ ನಿಂತಿದ್ದಳು.

"ನಿಲ್ಲಿಸ್ಬೇಡಿ ಮೇಡಂ" ಎಂದಳು. "ಕೈ ಮುಗೀತೀನಿ. ನೀವು ಸಂಜೆಗೆ ಹಾಕಿದ್ರೆ ಅವ್ರು ಅರ್ಧ ಮಾಡ್ತಾರೆ. ನಮ್ ಹುಡ್ಗೀರನ್ನ ನೋಡಿ ಮೊದ್ಲು."

ನೋಡಿದೆ. ಎಲ್ಲರ ಕಾಲಲ್ಲೂ ಶೂ ಇತ್ತು. ಗಂಡಸರ ತಂಡಗಳವರು ಹಳೆಯದೆಂದು ಬಿಟ್ಟವನ್ನು ಕೇಳಿ ತಂದದ್ದಂತೆ. ದೊಡ್ಡದಾದವುಗಳ ತುದಿಗೆ ಬಟ್ಟೆ ತುರುಕಿದ್ದಳು. ಮೊಣಕೈ ಮುಚ್ಚುವ ತೋಳು, ಮೊಣಕಾಲಿಗೆ ಹಳೆಯ ಕಾಲುಚೀಲ ಕತ್ತರಿಸಿ ಹೊಲಿದ ಪಟ್ಟಿ. ಬಕೆಟ್ಟಿನಲ್ಲಿ ಒದ್ದೆ ಟವೆಲುಗಳು. ನಿನ್ನೆ ಮೊನ್ನೆ ಮಾಡಿದ ತಯಾರಿಯಲ್ಲ ಅದು.

"ಮಧ್ಯಾಹ್ನದ ಬಿಸ್ಲಲ್ಲೇ ಪ್ರಾಕ್ಟೀಸ್ ಮಾಡ್ಸಿದ್ದೀನಿ ಮೇಡಂ" ಎಂದಳು. "ನಮ್ಗೆ ಕೊಡೋದು ಅದೇ ಹೊತ್ತು ಅಂದ್ಮೇಲೆ."

ಎದುರು ತಂಡದವರನ್ನು ಕೇಳಿದೆ. ಅವರೂ ಶೂ ತಂದಿದ್ದರು, ಅವರೂ ಈಗಲೇ ಆಡುತ್ತೇವೆ ಎಂದರು. ಸಂಘಟಕರ ಬಳಿ ಹೋಗಿ, ಹೆಂಗಸರ ಫೈನಲನ್ನು ದೀಪದ ಬೆಳಕಿಗೆ ಇಡಬಹುದೇ, ಪೂರ್ತಿ ಆಡಿಸುತ್ತೇವೆ ಎಂದು ಮಾತು ಕೊಡುತ್ತೀರಾ ಎಂದು ಕೊನೆಯ ಸಲ ಕೇಳಿದೆ. "ನೋಡೋಣ ಮೇಡಂ, ಟೈಮ್ ಸಿಕ್ರೆ" ಎಂದರು. ಆ ಮಾತಿನ ಅರ್ಥ ನನಗೆ ಗೊತ್ತಿತ್ತು.

ವಿಷಲ್ ಊದಿ ಪಂದ್ಯ ಶುರು ಮಾಡಿದೆ.

ಎರಡೂ ಅರ್ಧ ಪೂರ್ತಿಯಾಗಿ ಆಡಿಸಿದೆ. ಒಂದು ಕ್ಷಣವನ್ನೂ ಬಿಟ್ಟುಕೊಡಲಿಲ್ಲ. ಅಂಕ ಸಮಸಮವಾಗಿಯೇ ಸಾಗಿತು. ಕಡೆಯ ದಾಳಿಯಲ್ಲಿ ಸವಿತಾಳ ತಂಡದ ಹುಡುಗಿಯೊಬ್ಬಳು ಒಬ್ಬಳನ್ನು ಮುಟ್ಟಿ ಗೆರೆ ದಾಟಿದಳು. ನಾನು ಉದ್ದಕ್ಕೆ ಊದಿದೆ. ನೋಡುವವರೆಂದರೆ ಮರದ ನೆರಳಿನಲ್ಲಿ ಹತ್ತಿಪ್ಪತ್ತು ಜನ. ವೇದಿಕೆಯ ಮೇಲೆ ಇಬ್ಬರು ಸಂಜೆಗೆಂದು ಕುರ್ಚಿಗಳ ಧೂಳು ಒರೆಸುತ್ತಿದ್ದರು, ಒರೆಸುವುದನ್ನು ನಿಲ್ಲಿಸಿ ಚಪ್ಪಾಳೆ ತಟ್ಟಿದರು. ಸವಿತಾ ಓಡಿಬಂದು ಹುಡುಗಿಯರನ್ನು ಒಟ್ಟಿಗೆ ಅಪ್ಪಿಕೊಂಡಳು.

ಕಬಡ್ಡಿಯಲ್ಲಿ ಗೆದ್ದವರು ಅಂಕಣದಲ್ಲೇ ಅಂಗಾತ ಬಿದ್ದು ಆಕಾಶ ನೋಡುತ್ತಾ ನಗುವುದು ವಾಡಿಕೆ. ಆ ಹುಡುಗಿಯರು ಬೀಳಲಿಲ್ಲ, ಕೆಳಗೆ ಮ್ಯಾಟು ಕಾದಿತ್ತು. ಒಬ್ಬರ ಹೆಗಲಿಗೆ ಒಬ್ಬರು ಒರಗಿ, ಕಾಲು ಬದಲಿಸುತ್ತಾ, ನಿಂತುಕೊಂಡೇ ನಕ್ಕರು.